ಅಕ್ಕನ ಅಳತೆಯ ಮೆಟ್ಟಿಲು

ನನ್ನ ತಂಗಿಯ ಮಗ ಹೊಸ ಗಾಡಿ ತೆಗೆದುಕೊಂಡಿದ್ದಾನೆ. ಆಳೆತ್ತರದ್ದು. ಅದರ ಪಕ್ಕಕ್ಕೆ ಹತ್ತುವ ಮೆಟ್ಟಿಲು ಹಾಕಿಸಬೇಕೋ, ಬಾಗಿಲಿಗೆ ಪೆಟ್ಟು ಬೀಳದ ಹಾಗೆ ಸ್ಟೀಲಿನ ಪೈಪು ಹಾಕಿಸಬೇಕೋ ಎಂದು ಗಂಡಹೆಂಡಿರ ನಡುವೆ ಒಂದು ವಾರದಿಂದ ಮಾತು ನಡೆದಿದೆ. ಮೊನ್ನೆ ನನ್ನ ಮುಂದೆ ಮೊಬೈಲು ಹಿಡಿದು, "ದೊಡ್ಡಮ್ಮ, ಯಾವುದು ಚೆನ್ನಾಗಿ ಕಾಣುತ್ತೆ ಹೇಳಿ" ಎಂದ. "ಕಾಣೋದು ಆಮೇಲೆ. ಹತ್ತೋರು ಯಾರು ಅನ್ನೋದನ್ನ ಮೊದಲು ಗೊತ್ತು ಮಾಡ್ಕೊ" ಎಂದೆ. ಅವನು ನಕ್ಕ. ಅದು ನನ್ನ ಮಾತಲ್ಲ. ಅದನ್ನು ಹೇಳಿದವರು ತೀರಿಕೊಂಡು ವರ್ಷಗಳಾದವು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿದರೆ ಅವರಿಗೆ ಮುಜುಗರವಾಗುತ್ತಿತ್ತು, ಬೈದರೆ ಅಷ್ಟು ಆಗುತ್ತಿರಲಿಲ್ಲವೇನೋ. ನಾವೆಲ್ಲ ಅವರನ್ನು ಗೌಡ್ರು ಎನ್ನುತ್ತಿದ್ದೆವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ರಾಮನಗರದಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ. ಆ ಕಡೆಯಿಂದ ಬರುವ ಆಫೀಸಿನ ನಾಲ್ಕು ಜನರನ್ನು ಕರೆತರಲು ಕಾರ್ಖಾನೆಯವರು ಗೌಡರ ಗಾಡಿಯನ್ನು ಗೊತ್ತುಮಾಡಿದ್ದರು. ಜಮೀನು ಕಳೆದುಕೊಂಡವರ ಗಾಡಿಗೆ ಮೊದಲ ಅವಕಾಶ ಎಂಬುದೊಂದು ಮಾತು ಆಗ ಅಲ್ಲಿ ನಡೆಯುತ್ತಿತ್ತು. ಗೌಡರ ಹೊಲ ಎಲ್ಲಿತ್ತು ಎಂದರೆ, ನಮ್ಮ ಕಾರ್ಖಾನೆಯ ಕಾಂಪೌಂಡಿನೊಳಗೇ ಇತ್ತು.

"ನಮ್ಮ ಹೊಲಕ್ಕೆ ನಾನೇ ಪಾಸ್ ತೋರ್ಸ್ಕೊಂಡು ಬತ್ತೀನಿ ನೋಡಿ ಮೇಡಂ" ಎಂದು ಮೊದಲ ದಿನವೇ ಗೇಟಿನಲ್ಲಿ ನಕ್ಕರು. ಅದು ನಗುವ ಮಾತೋ ಅಲ್ಲವೋ ತಿಳಿಯದೆ ಹಿಂದೆ ಕೂತ ನಾವು ನಾಲ್ವರೂ ಕಿಟಕಿಯಾಚೆ ನೋಡಿದೆವು.

ಐವತ್ತರ ಆಸುಪಾಸಿನ ಮನುಷ್ಯ. ಕಪ್ಪಗೆ, ಎತ್ತರಕ್ಕೆ, ಕಡ್ಡಿಯ ಹಾಗೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಗಾಡಿ ಓಡಿಸುವುದನ್ನು ಅವರು ಕಲಿತದ್ದು ತಡವಾಗಿ, ಅದಕ್ಕೆ ಮೊದಲು ಓಡಿಸುತ್ತಿದ್ದದ್ದು ಎತ್ತು. ಗೇರು ಬದಲಿಸುವಾಗ ನಾಲಗೆಯಲ್ಲಿ ಟಕ್ ಎಂದು ಸದ್ದು ಮಾಡುತ್ತಿದ್ದರು. ಬ್ರೇಕು ಒತ್ತುವಾಗ "ಹೋ... ಹೋ" ಎನ್ನುತ್ತಿದ್ದರು. ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳು ಇದಕ್ಕೆ ದಿನವೂ ಕಿಸಕ್ಕನೆ ನಗುತ್ತಿದ್ದಳು. ಗೌಡರಿಗೆ ತಾನು ಹಾಗೆ ಮಾಡುತ್ತೇನೆಂಬುದೇ ಗೊತ್ತಿರಲಿಲ್ಲ.

ಎರಡು ವಿಷಯದಲ್ಲಿ ಮಾತ್ರ ಅವರು ಹಟಮಾರಿ. ಒಂದು, ಕಾರ್ಖಾನೆಯ ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಬರಿಗಾಲಲ್ಲಿ ಒಳಗೆ ಓಡಿಸುತ್ತಿದ್ದರು. ಹಿಂದೆ ಬೇರೆ ಗಾಡಿಗಳು ಹಾರನ್ನು ಬಾರಿಸಿದರೂ ಕೇಳುತ್ತಿರಲಿಲ್ಲ. ಇನ್ನೊಂದು, ಮುಂದಿನ ಎಡಗಡೆಯ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಹಿಂದೆ ನಾವು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರೆ, ಮುಂದೆ ಆ ಸೀಟು ಖಾಲಿ. ನಮ್ಮ ಪರ್ಚೇಸ್ ಆಫೀಸರಿಗೆ ಇದು ತನಗೆ ಮಾಡಿದ ಅವಮಾನದ ಹಾಗೆ ಕಾಣುತ್ತಿತ್ತು.

"ಏನ್ ಗೌಡ್ರೇ, ಅಲ್ಲಿ ದೇವರನ್ನ ಕೂರಿಸಿದ್ದೀರಾ?"

"ಅದು ಬುಕ್ ಆಗೈತೆ ಸಾರ್" ಎನ್ನುತ್ತಿದ್ದರು ಗೌಡರು, ಟಕ್ ಎಂದು ಗೇರು ಹಾಕಿ.

ನನ್ನ ತಕರಾರು ಬೇರೆ. ನಾನು ಕುಳ್ಳಿ. ನಿತ್ಯ ಸೀರೆ. ಅವರ ಗಾಡಿ ಹತ್ತಬೇಕಾದರೆ ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನು ಹಿಡಿಕೆಗೆ ಮೂರನೆಯ ಕೈ ಎಲ್ಲಿಂದ ತರುವುದು? ಬೀದಿಯ ಜನರೆಲ್ಲ ನೋಡುವಾಗ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ತೂಗಾಡುವುದು ನನ್ನ ಬೆಳಗಿನ ಪಾಡು. "ಗೌಡ್ರೇ, ಒಂದು ಏಣಿ ಇಟ್ಕೊಳ್ಳಿ, ಇಲ್ಲಾ ನನ್ನನ್ನ ಎತ್ತಿ ಹಾಕೋಕೆ ಒಂದು ಕ್ರೇನು ತನ್ನಿ" ಎಂದು ಬೈಯುತ್ತಲೇ ಹತ್ತುತ್ತಿದ್ದೆ. ಅವರು ಕನ್ನಡಿಯಲ್ಲಿ ನೋಡಿ ಸುಮ್ಮನೆ ಮುಗುಳ್ನಗುತ್ತಿದ್ದರು.

ಒಂದು ಶನಿವಾರ ಸಂಜೆ ಎಲ್ಲರನ್ನೂ ಇಳಿಸಿ, ಕೊನೆಗೆ ನನ್ನ ಬೀದಿಗೆ ಬಂದಾಗ, ಎಂಜಿನ್ ಆರಿಸಿ ತಿರುಗಿ ಕೂತರು.

"ಮೇಡಂ, ನಾಳೆ ಒಸಿ ಬಿಡುವು ಮಾಡ್ಕೊಳಕ್ಕಾಯ್ತದಾ? ಗಾಡಿಗೆ ಸೈಡ್ ಸ್ಟೆಪ್ ಹಾಕುಸ್ಬೇಕು ಅಂತಿವ್ನಿ. ನೀವು ಬಂದು ಹತ್ತಿ ನೋಡ್ಬೇಕು."

ಇದನ್ನು ಮುಚ್ಚಿಡುವುದೇಕೆ, ನನಗೆ ಹಿಗ್ಗಾಯಿತು. ಮದುವೆಯಾಗದೆ ಒಂಟಿಯಾಗಿ ಇರುವ ಹೆಂಗಸಿಗೆ ಭಾನುವಾರ ಎನ್ನುವುದು ವಾರದ ಅತಿ ಉದ್ದದ ದಿನ. ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡು, ಅನ್ನ ಮಾಡಿ ಉಂಡು ನೋಡಿದರೆ ಇನ್ನೂ ಮಧ್ಯಾಹ್ನವೂ ಆಗಿರುವುದಿಲ್ಲ. ಯಾರೋ ಒಬ್ಬರು ನನ್ನ ಬೈಗುಳಕ್ಕೆ ಕಿವಿಗೊಟ್ಟು, ನನಗಾಗಿ ಗಾಡಿಗೆ ಮೆಟ್ಟಿಲು ಮಾಡಿಸುತ್ತಾರೆ ಎಂದರೆ ಸಣ್ಣ ಮಾತೇ? ಮಾರನೆಯ ದಿನ ಪೆಟ್ಟಿಗೆಯಿಂದ ಒಂದು ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡೆ.

ಅಂಗಡಿ ಮೈಸೂರು ರಸ್ತೆಯ ಮೇಲಿತ್ತು. ಸೀಟಿನ ಕವರು, ಹಾರನ್ನು, ದೇವರ ಫೋಟೋ, ಮುಂದಿನ ಗಾರ್ಡು, ಗಾಡಿಗೆ ಬೇಕಾದ ಬೇಡದ ಎಲ್ಲವೂ ಅಲ್ಲಿ ತೂಗುತ್ತಿದ್ದವು. ಅಂಗಡಿಯ ಸಾಬರು ಮಾತಿನ ಮಲ್ಲ. ಗೌಡರನ್ನು ನೋಡುತ್ತಲೇ ಹೊಳೆಯುವ ದಪ್ಪ ಪೈಪೊಂದನ್ನು ಎಳೆದು ತಂದರು.

"ಅಣ್ಣ, ಇದು ನೋಡಿ. ಪಕ್ಕಾ ಸ್ಟೀಲು. ಆಟೋದವನು ಬಂದು ಗುದ್ದಿದ್ರೂ ಅವನ ಆಟೋನೇ ಹೋಗೋದು, ನಿಮ್ ಡೋರಿಗೆ ಏನೂ ಆಗಲ್ಲ. ಹಾರೋಹಳ್ಳಿ ಕಡೆ ಗೌಡ್ರುಗಳೆಲ್ಲ ಇದನ್ನೇ ಹಾಕ್ಸಿದ್ದಾರೆ."

ಅದು ನಿಜ. ಜಮೀನು ಹೋದ ವರ್ಷ ಅವರ ಊರಿಗೆ ಗಾಡಿಗಳು ಬಂದವು, ಗಾಡಿಗಳ ಹಿಂದೆಯೇ ಪೈಪುಗಳೂ ಬಂದವು. ಹೊಲಕ್ಕೆ ಬೇಲಿ ಹಾಕುತ್ತಿದ್ದ ಜನ, ಹೊಲ ಹೋದ ಮೇಲೆ ಗಾಡಿಗೆ ಬೇಲಿ ಹಾಕಿದರು. ಮುಂದೆ ಒಂದು, ಹಿಂದೆ ಒಂದು, ಎರಡು ಪಕ್ಕಕ್ಕೂ ಒಂದೊಂದು.

ಗೌಡರು ಪೈಪಿನ ಮೇಲೆ ಅಂಗೈ ಆಡಿಸಿದರು. "ಒದ್ದೆ ಕಾಲಲ್ಲಿ ಹತ್ತಿದ್ರೆ?"

"ಜಾರುತ್ತೆ ಸ್ವಲ್ಪ. ಆದ್ರೆ ಅಣ್ಣ, ಇದು ಹತ್ತೋಕಲ್ಲ, ಗಾಡಿ ಕಾಯೋಕೆ. ಲುಕ್ ನೋಡಿ ಲುಕ್ಕು!"

"ಗಾಡಿ ಕಾಯೋದು ಆಮ್ಯಾಕೆ. ಹತ್ತೋರು ಯಾರು ಅನ್ನೋದು ಮೊದ್ಲು" ಎಂದರು ಗೌಡರು.

ಹೊರಗೆ ಇನ್ನೊಬ್ಬರ ಗಾಡಿಗೆ ಅಂಥ ಪೈಪು ಕೂರಿಸಿ ನಿಲ್ಲಿಸಿದ್ದರು. ಹತ್ತಿ ನೋಡಿ ಎಂದರು ನನಗೆ. ಹತ್ತಿದೆ. ದುಂಡನೆಯ ಪೈಪಿನ ಮೇಲೆ ಚಪ್ಪಲಿ ನಿಲ್ಲಲಿಲ್ಲ, ಸೀರೆಯ ಅಂಚು ಪೈಪು ಬಿಗಿದಿದ್ದ ಬೋಲ್ಟಿಗೆ ಸಿಕ್ಕಿಕೊಂಡಿತು. ಒಳ್ಳೆಯ ಸೀರೆ, ಎಳೆಯಲು ಧೈರ್ಯ ಬರಲಿಲ್ಲ. ಸಾಬರೇ ಬಗ್ಗಿ ಬಿಡಿಸಿಕೊಟ್ಟು, ಸೋತವರ ಹಾಗೆ ಒಳಗೆ ಹೋಗಿ ಅಗಲವಾದ ಹಲಗೆಯಂಥದ್ದನ್ನು ತಂದರು. ಅಲ್ಯೂಮಿನಿಯಂ ಹಲಗೆ, ಮೇಲೆ ಉಬ್ಬುಗೆರೆಯ ಕಪ್ಪು ರಬ್ಬರು. ಗಾಡಿಯ ಉದ್ದಕ್ಕೂ ಬರುತ್ತಿತ್ತು. ಅದು ಆಗಬಹುದು ಎಂದು ಗೌಡರು ತಲೆಯಾಡಿಸಿದರು. ಆದರೆ ಎತ್ತರದ ವಿಷಯದಲ್ಲಿ ಜಗಳ ಶುರುವಾಯಿತು.

ಸಾಬರು ಹಲಗೆಯನ್ನು ಹಿಡಿದು ತೋರಿಸಿದ ಮಟ್ಟ ಗೌಡರಿಗೆ ಒಪ್ಪಿಗೆಯಾಗಲಿಲ್ಲ. "ಇನ್ನೂ ಕೆಳೀಕೆ" ಎಂದರು. ಸಾಬರು ಇಳಿಸಿದರು. "ಇನ್ನೂ ಒಸಿ ಕೆಳೀಕೆ." ಸಾಬರು ಹಲಗೆ ನೆಲದ ಮೇಲಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಅಣ್ಣ, ಇಷ್ಟು ಕೆಳಗೆ ಇಳಿಸಿದ್ರೆ ರೋಡಿನ ಒಂದೊಂದು ಹಂಪಿಗೂ ತಗಲುತ್ತೆ. ಕಲ್ಲು ರಸ್ತೆಗೆ ಹೋದ್ರೆ ಕಿತ್ಕೊಂಡು ಬರುತ್ತೆ. ಇಷ್ಟು ಎತ್ತರದ ಗಾಡಿ ತಗೊಂಡು, ಅದನ್ನ ಎತ್ತಿನಗಾಡಿ ಮಾಡ್ತೀರಲ್ಲ!"

ಗೌಡರು ತಮ್ಮ ಮೊಣಕಾಲಿನ ಕೆಳಗೆ ಒಂದು ಕಡೆ ಅಂಗೈಯನ್ನು ಅಡ್ಡ ಇಟ್ಟು ತೋರಿಸಿದರು. "ಇಷ್ಟು. ಇಷ್ಟೇ ಎತ್ತಕ್ಕಾಗೋದು ಅವಳಿಗೆ ಕಾಲ್ನ. ಅವಳ ಮನೆ ಜಗಲಿ ಇಷ್ಟೇ ಇರೋದು."

"ಯಾರಿಗೆ ಗೌಡ್ರೇ?" ಎಂದೆ ನಾನು.

"ನಮ್ಮಕ್ಕನ್ಗೆ ಮೇಡಂ. ಮಂಡಿ ನೋವು. ಎತ್ರ ನಿಮ್ಮಷ್ಟೇ, ಅದ್ಕೇ ನಿಮ್ಮನ್ನ ಕರ್ಕೊಬಂದೆ" ಎಂದರು, ಒಂದಿಷ್ಟೂ ಕಪಟವಿಲ್ಲದೆ.

ನನ್ನ ಹಿಗ್ಗು ಇಳಿಯಿತು. ಒಳ್ಳೆಯ ಸೀರೆ ಉಟ್ಟು ಬಂದದ್ದಕ್ಕೆ ನನ್ನ ಮೇಲೆ ನನಗೇ ನಗು ಬಂತು, ಜೊತೆಗೆ ಸ್ವಲ್ಪ ನೋವೂ ಆಯಿತು. ಆದರೂ ಗೌಡರು ಹೇಳಿದ ಹಾಗೆ ಮಂಡಿ ನೋವಿನವಳಂತೆ ಹತ್ತಿ ತೋರಿಸಿದೆ, ಇಳಿದು ತೋರಿಸಿದೆ. ಹಲಗೆ ಅವರು ಹೇಳಿದ ಮಟ್ಟಕ್ಕೇ ಕೂತಿತು.

ಕೆಲಸ ಮುಗಿಯುವ ತನಕ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದೆವು. "ಹಾಗಾದ್ರೆ ಆ ಸೀಟು ಬುಕ್ ಆಗಿರೋದು ನಿಮ್ಮಕ್ಕನಿಗೆ" ಎಂದೆ. ಹೌದೆಂದು ತಲೆಯಾಡಿಸಿದರು. "ಗಾಡಿ ತಗೊಂಡು ಇಷ್ಟು ದಿನ ಆಯ್ತಲ್ಲ, ಅವರು ಒಂದು ಸಲಾನೂ ಬರಲಿಲ್ಲವಾ?" ಎಂದೆ. ಆಗ ಹೇಳಿದರು. ಅಲ್ಲಿಯವರೆಗೆ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಗೌಡರು ಮೊಲೆಹಾಲು ಬಿಡುವ ಮೊದಲೇ ಅವರ ತಾಯಿ ಹೋದರಂತೆ. ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಆಕೆ ಮದುವೆಯಾಗಿ ಮರಳವಾಡಿಗೆ ಹೋದ ಮೇಲೂ ತಮ್ಮನ ಊಟ ಬಟ್ಟೆಯ ಚಿಂತೆ ಬಿಡಲಿಲ್ಲ. ಗೌಡರ ಹೆಂಡತಿ ಮೊದಲ ಹೆರಿಗೆಯಲ್ಲಿ ಮಗುವಿನ ಜೊತೆಯೇ ತೀರಿಹೋದಾಗ, ತಿಂಗಳುಗಟ್ಟಲೆ ಬಂದಿದ್ದು ಇವರ ಬಾಯಿಗೆ ತುತ್ತಿಟ್ಟವಳೂ ಅವಳೇ. ಇನ್ನೊಂದು ಮದುವೆ ಇವರು ಒಲ್ಲೆ ಎಂದರು. ತವರು ಎಂದರೆ ಆಕೆಗೆ ಈ ತಮ್ಮ, ಮತ್ತು ಹೊಲದ ಮೂಲೆಯಲ್ಲಿ ಹೊಂಗೆಮರದ ಕೆಳಗೆ ಮಣ್ಣು ಮಾಡಿದ್ದ ಅಪ್ಪ ಅವ್ವ. ಅವರ ಕಡೆ ಹಾಗೆಯೇ. ಸತ್ತವರು ತಮ್ಮ ಹೊಲದಲ್ಲೇ ಮಲಗುತ್ತಾರೆ. ಪಿತೃಪಕ್ಷ ಬಂದರೆ ಅಕ್ಕ ಬಂದು, ಅಡುಗೆ ಮಾಡಿ, ಆ ಎರಡು ಕಲ್ಲುಗಳ ಮುಂದೆ ಎಡೆ ಇಟ್ಟು ಹೋಗುತ್ತಿದ್ದಳು.

ಹೊಲ ಕಾರ್ಖಾನೆಗೆ ಹೋಯಿತು. ನೆಲ ಮಟ್ಟ ಮಾಡಲು ಬಂದ ಕಂಟ್ರಾಕ್ಟರಿನ ಕಡೆಯವರು ಒಳ್ಳೆಯವರೇ. ಹಬ್ಬ ಮುಗಿಸಿಕೊಂಡು ಸಮಾಧಿಯ ಗುಡ್ಡೆಗಳನ್ನು ಎತ್ತಿಕೊಳ್ಳಿ, ಅಲ್ಲಿಯ ತನಕ ಆ ಮೂಲೆಗೆ ಕೈ ಹಾಕುವುದಿಲ್ಲ ಎಂದಿದ್ದರು. ಪಿತೃಪಕ್ಷದ ಎಡೆಗೆಂದು ಬಂದ ಅಕ್ಕ ಹಿಂದಿರುಗದೆ ಉಳಿದಳು. ವಿಜಯದಶಮಿ ಆದ ಮೇಲೆ ಇಬ್ಬರೂ ಹೋಗಿ, ಕಲ್ಲು ಮತ್ತು ಮಣ್ಣು ತಂದು ಮನೆಯ ಹಿತ್ತಲಲ್ಲಿ ಇಡುವುದೆಂದು ಮಾತಾಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ಒಳ್ಳೆಯ ದಿನ, ಹೊಸ ಗಾಡಿ ಮನೆಗೆ ತರುವ ದಿನ.

"ಅಕ್ಕ ಅಂದ್ಲು, ಮೊದ್ಲು ಅಪ್ಪ ಅವ್ವನ್ನ ತಂದ್ಬುಡಾಣ ಕಣ್ಲಾ, ಗಾಡಿ ಎಲ್ಲಿಗೋದಾತು ಅಂತ. ನಾನು ಅಂದೆ, ಅಲ್ಲ ಕಣಕ್ಕ, ಆಯುಧಪೂಜೆ ದಿನ ಯಾರಾದ್ರೂ ಮಿಷಿನ್ ಮುಟ್ತಾರಾ? ಕುಡುಗೋಲು, ಮಚ್ಚು, ನೇಗ್ಲು ಎಲ್ಲಾ ಮಲಗಿರ್ತವೆ. ಇವತ್ತಿನಷ್ಟು ಭದ್ರ ಯಾವತ್ತೂ ಇಲ್ಲ ಅಂದೆ. ಅಂದ್ಬುಟ್ಟು ರಾಮನಗರಕ್ಕೆ ಬಂದೆ ಮೇಡಂ."

ಬುಲ್ಡೋಜರಿನವರೂ ಪೂಜೆ ಮಾಡಿದರು. ಶ್ರದ್ಧೆಯಿಂದಲೇ ಮಾಡಿದರು. ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಪೂಜೆ ಆದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಬೇಕಲ್ಲ? ಓಡಿಸಿದರು. ದೂರದ ಊರಿನ ಹುಡುಗರು. ಆ ಮೂಲೆಯ ಎರಡು ಕಲ್ಲು ಅವರಿಗೆ ಬರೀ ಕಲ್ಲು. ಆ ಒಂದು ಸುತ್ತು ಹೊಂಗೆಮರದ ಕೆಳಗೆ ಹೋಗಿ ಬಂತು.

ಗೌಡರು ಚೆಂಡುಹೂವಿನ ಹಾರ ಹಾಕಿದ ಗಾಡಿಯನ್ನು ಮೊದಲು ಅಕ್ಕನಿಗೆ ತೋರಿಸಬೇಕೆಂದು ನೇರ ಹೊಲದ ಹತ್ತಿರ ಬಂದರು. ಅಕ್ಕ ಅಲ್ಲಿ ನಿಂತಿದ್ದಳು. ಕಲ್ಲು ಎಲ್ಲೋ, ಮಣ್ಣು ಎಲ್ಲೋ, ಯಾವುದು ಅಪ್ಪ ಯಾವುದು ಅವ್ವ ಒಂದೂ ಗೊತ್ತಾಗದ ಹಾಗೆ ಮಟ್ಟವಾಗಿತ್ತು.

"ಅಳಲಿಲ್ಲ ಮೇಡಂ. ಬೈಯಲೂ ಇಲ್ಲ. 'ನಿನ್ನ ಗಾಡಿ ಬಂತು, ಅಪ್ಪ ಅವ್ವ ಹೋದ್ರು. ಆ ಗಾಡಿಗೆ ನಾನು ಹತ್ತಾಕಿಲ್ಲ ಕಣ್ಲಾ' ಅಂದ್ಲು. ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೊಂಟೋದ್ಲು."

ಕಾರ್ಖಾನೆಯ ಗೇಟಿನಲ್ಲಿ ಚಪ್ಪಲಿ ಏಕೆ ಬಿಚ್ಚುತ್ತಿದ್ದರು ಎಂದು ನಾನು ಕೇಳಲಿಲ್ಲ. ನಮ್ಮ ಕಾಂಪೌಂಡಿನಲ್ಲಿ ಹೊಂಗೆಮರ ಇರಲಿಲ್ಲ. ಅದರ ಜಾಗ ಯಾವುದೆಂದು ಗೌಡರಿಗೂ ಖಚಿತವಾಗಿ ತಿಳಿದಿರಲಿಲ್ಲ, ಅದಕ್ಕೇ ಗೇಟಿನಿಂದಲೇ ಬರಿಗಾಲು.

ಅಕ್ಕ ಮಾತು ಬಿಟ್ಟಿರಲಿಲ್ಲ. ಅದೇ ಈ ಕಥೆಯ ಕಷ್ಟ. ಮಾತು ಬಿಟ್ಟಿದ್ದರೆ ನಾಲ್ಕು ಜನ ಹಿರಿಯರನ್ನು ಸೇರಿಸಿ ರಾಜಿ ಮಾಡಿಸಬಹುದಿತ್ತು. ತಮ್ಮ ಹೋದರೆ ಮುದ್ದೆ ಕಟ್ಟಿ ಬಡಿಸುತ್ತಿದ್ದಳು, ಬಡವಾಗಿದ್ದೀಯ ಎಂದು ಗದರುತ್ತಿದ್ದಳು. ಗಾಡಿಯ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಹತ್ತಲು ಎತ್ತರವಾಗುತ್ತದೆ ಎಂಬ ನೆಪವನ್ನಾದರೂ ಇಲ್ಲವಾಗಿಸಿದರೆ ಒಂದು ದಿನ ಮನಸ್ಸು ಕರಗೀತು ಎಂಬುದು ಗೌಡರ ಆಸೆ. ಆಕೆ ಆ ನೆಪವನ್ನು ಒಮ್ಮೆಯೂ ಹೇಳಿರಲಿಲ್ಲ ಎಂಬುದು ಬೇರೆ ಮಾತು. ಆಸೆಗೆ ಇಂಥ ಲೆಕ್ಕವೆಲ್ಲ ಇರುವುದಿಲ್ಲ.

ಸಾಬರ ಮಾತೇ ನಿಜವಾಯಿತು. ಸೋಮವಾರದಿಂದ ಪ್ರತಿ ಹಂಪಿಗೂ ಗರ್ ಎಂದು ತಗಲತೊಡಗಿತು. ಗೌಡರು ಹಂಪು ಬಂದಾಗ ಗಾಡಿಯನ್ನು ಓರೆಯಾಗಿ ಹತ್ತಿಸುತ್ತಿದ್ದರು, ಎತ್ತನ್ನು ಹಳ್ಳ ದಾಟಿಸುವ ಹಾಗೆ ಪುಸಲಾಯಿಸುತ್ತಿದ್ದರು, ಆದರೂ ಗರ್. ಪರ್ಚೇಸ್ ಆಫೀಸರು ಪ್ರತಿ ಸಲವೂ "ಅಯ್ಯಯ್ಯೋ" ಎನ್ನುತ್ತಿದ್ದರು. ಊರ ಬಾಗಿಲಲ್ಲಿ ಒಮ್ಮೆ ಅವರ ವಾರಿಗೆಯವರೊಬ್ಬರು ಗಾಡಿ ಅಡ್ಡಗಟ್ಟಿ, "ಏನ್ಲಾ ಇದು, ಬಸ್ಸಿನ ಫುಟ್‌ಬೋರ್ಡ್ ತಂದು ಹಾಕ್ಸಿದ್ದೀಯಾ? ಟಿಕೆಟ್ ಯಾವಾಗಿಂದ ಕೊಡ್ತೀಯ?" ಎಂದು ಆಡಿಕೊಂಡರು. ಗೌಡರು, "ನಿಮ್ಗೆಲ್ಲ ಸೀಟಿಲ್ಲ ಕಣ್ಲಾ" ಎಂದು ನಕ್ಕು ಮುಂದೆ ಹೋದರು. ಮೇಲೆತ್ತಿ ಕೂರಿಸೋಣವೇ ಎಂದು ಸಾಬರೇ ಎರಡು ಸಲ ಕೇಳಿದರು. ಗೌಡರು ಒಪ್ಪಲಿಲ್ಲ.

ಆ ಅಕ್ಕನನ್ನು ನಾನು ನೋಡಿದ್ದು ಅದಾದ ಮುಂದಿನ ವರ್ಷ. ಕಾರ್ಖಾನೆಯ ಕೆಲಸದ ಮೇಲೆ ನಾನು ಕನಕಪುರಕ್ಕೆ ಹೋಗಬೇಕಿತ್ತು. "ಒಸಿ ಮರಳವಾಡಿ ಮೇಲೆ ಹೋಗಾಣ ಮೇಡಂ, ಇವತ್ತು ಅಕ್ಕ ಆಸ್ಪತ್ರೆಗೆ ಹೋಗೋಳು" ಎಂದರು ಗೌಡರು. ಮನೆಯ ಮುಂದೆ ಗಾಡಿ ನಿಲ್ಲಿಸಿದ ರೀತಿ ನೋಡಬೇಕಿತ್ತು. ಹಿಂದೆ ಮುಂದೆ ಮಾಡಿ, ಎಡಗಡೆಯ ಹಲಗೆ ಸರಿಯಾಗಿ ಜಗಲಿಯ ಪಕ್ಕಕ್ಕೆ, ಸಮಕ್ಕೆ ಬರುವ ಹಾಗೆ ನಿಲ್ಲಿಸಿ, ಮುಂದಿನ ಬಾಗಿಲು ತೆಗೆದಿಟ್ಟರು. ಅವರು ಪ್ರತಿ ಸಲವೂ ಹಾಗೆಯೇ ನಿಲ್ಲಿಸುತ್ತಾರಂತೆ.

ಅಕ್ಕ ಹೊರಗೆ ಬಂದರು. ನಿಜಕ್ಕೂ ನನ್ನಷ್ಟೇ ಎತ್ತರ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನವ್ವ ಆಫೀಸ್ನೋಳು? ನನ್ನಂಗೇ ಗಿಡ್ಡಕವ್ಳೆ ಅಂತ ಅಂದಿದ್ದ" ಎಂದು ನಕ್ಕು ಮಜ್ಜಿಗೆ ಕೊಟ್ಟರು. ಗೋಡೆ ಹಿಡಿದು ನಡೆಯುತ್ತಿದ್ದರು. ಮಂಡಿಗಳು ಊದಿಕೊಂಡಿದ್ದವು.

ಗೌಡರು ಟವೆಲ್ಲಿನಿಂದ ಮುಂದಿನ ಸೀಟಿನ ಧೂಳು ಹೊಡೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅಮ್ಮ, ಈ ಮೆಟ್ಟಿಲು ನಿಮಗೋಸ್ಕರಾನೇ ಹಾಕ್ಸಿದ್ದಾರೆ. ನಿಮ್ಮ ಅಳತೆಗೆ ನಾನೇ ಹತ್ತಿ ತೋರಿಸಿದ್ದೀನಿ" ಎಂದೆ.

"ಗೊತ್ತು ಕಣವ್ವ" ಎಂದರು. ತಗ್ಗಿದ ಧ್ವನಿಯಲ್ಲಿ, ತಮ್ಮನಿಗೆ ಕೇಳದ ಹಾಗೆ ಅಂದರು: "ಗಾಡಿ ಮ್ಯಾಲೆ ನಂಗೇನು ಹಗೇನಾ? ಅದ್ರ ಮೊಕ ನೋಡಿದ್ರೆ ಹೊಲದಲ್ಲಿ ಆ ಮಿಷಿನ್ನು ಹೋದ ಗುರ್ತು ಕಾಣ್ತದೆ ನಂಗೆ. ಎಂಗೆ ಹತ್ತಲಿ ಹೇಳು."

ನಾನು ಮಜ್ಜಿಗೆಯ ಲೋಟ ಜಗಲಿಯ ಮೇಲಿಟ್ಟೆ. ಬಸ್ಸು ಬಂತು. ಅವರು ಕಂಬ ಹಿಡಿದು, ಒಂದೊಂದೇ ಕಾಲು ಎತ್ತಿ, ಬಸ್ಸಿನ ಎತ್ತರದ ಮೆಟ್ಟಿಲುಗಳನ್ನು ಹತ್ತಿದರು. ಕಂಡಕ್ಟರು ಬೈಯುತ್ತಲೇ ರಟ್ಟೆ ಹಿಡಿದು ಎಳೆದುಕೊಂಡ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಗು ಅಳು ಎರಡೂ ಬರುತ್ತವೆ. ಮುಂದೆ ಬಸ್ಸು, ಹಿಂದೆ ನಮ್ಮ ಗಾಡಿ. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತರೆ ನಾವೂ ನಿಲ್ಲುವುದು, ಹೊರಟರೆ ನಾವೂ ಹೊರಡುವುದು. ಬಸ್ಸಿನ ಹೊಗೆಯೆಲ್ಲ ನಮ್ಮ ಮೂಗಿಗೆ. ಮುಂದಿನ ಸೀಟು ಎಂದಿನಂತೆ ಖಾಲಿ. "ಗೌಡ್ರೇ, ಮುಂದೆ ಹೋಗಿ ಕನಕಪುರದಲ್ಲೇ ಕಾಯಬಹುದಲ್ಲ?" ಎಂದೆ.

"ಸೀಟ್ ಸಿಕ್ಕಿದ್ಯೋ ಇಲ್ವೋ ಮೇಡಂ. ನಿಂತ್ಕೊಂಡು ಬತ್ತಾ ಅವ್ಳೆ ಅನ್ಸುತ್ತೆ" ಎಂದರು, ಕಣ್ಣು ಬಸ್ಸಿನಿಂದ ಕದಲಿಸದೆ. ಆ ದಿನ ಅವರು ಒಂದು ಸಲವೂ ನಾಲಗೆಯಲ್ಲಿ ಟಕ್ ಎನ್ನಲಿಲ್ಲ.

ಕನಕಪುರದಲ್ಲಿ ಬಸ್ಸು ನಿಲ್ಲುವ ಮೊದಲೇ ಗಾಡಿಯನ್ನು ಎಲ್ಲೋ ಬಿಟ್ಟು ಓಡಿಹೋಗಿ ಬಾಗಿಲ ಬಳಿ ನಿಂತರು. ಅಕ್ಕ ಇಳಿಯುವಾಗ ಕೈ ಚಾಚಿದರು. ಅಕ್ಕ ಆ ಕೈ ಹಿಡಿದೇ ಇಳಿದರು, ಹಿಡಿದೇ ಆಸ್ಪತ್ರೆಗೆ ನಡೆದರು. ಹಿಂದಿನಿಂದ ನೋಡಿದರೆ ಆ ಎತ್ತರದ ಮನುಷ್ಯ ಬಗ್ಗಿ ಬಗ್ಗಿ ಅಕ್ಕನ ಮಟ್ಟಕ್ಕೆ ಬಂದಿದ್ದರು.

ಸಂಜೆಗಳು ಅವರಿಗೆ ಕಷ್ಟ. ನಮ್ಮನ್ನೆಲ್ಲ ಇಳಿಸಿದ ಮೇಲೂ ಗೂಡಿನ ಮಾರ್ಕೆಟ್ಟಿನ ಹತ್ತಿರದ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು, ಯಾರದೋ ಗೂಡಿನ ರೇಟಿನ ಮಾತಿಗೆ ಕಿವಿ ಕೊಟ್ಟು ಕೂತಿರುತ್ತಿದ್ದರು. ಅವರ ಮನೆಯಲ್ಲಿ ರೇಷ್ಮೆ ಹುಳ ಬಿಟ್ಟು ಎಷ್ಟೋ ಕಾಲವಾಗಿತ್ತು. ನಾನು ತರಕಾರಿಗೆ ಹೋದಾಗ ಕಂಡರೆ, "ಇನ್ನೂ ಮನೆಗೆ ಹೋಗಲಿಲ್ವಾ ಗೌಡ್ರೇ?" ಎನ್ನುತ್ತಿದ್ದೆ. "ಹೋಗಿ ಏನ್ಮಾಡ್ಲಿ, ಗೋಡೆ ನೋಡ್ಲಾ?" ಎನ್ನುತ್ತಿದ್ದರು. ನಾನೂ ಹೋಗಿ ನೋಡುವುದು ಗೋಡೆಯನ್ನೇ. ಇಬ್ಬರೂ ಒಂದೊಂದು ಟೀ ಕುಡಿದು ಅವರವರ ದಾರಿ ಹಿಡಿಯುತ್ತಿದ್ದೆವು. ಯಾರಾದರೂ ಏನಾದರೂ ಅಂದುಕೊಂಡಾರು ಎಂಬ ಭಯ ನನಗಿತ್ತು. ಈಗ ಅನ್ನಿಸುತ್ತದೆ, ಇನ್ನೊಂದು ಟೀ ಕುಡಿಯಬಹುದಿತ್ತು.

ಕೆಲವು ವರ್ಷಗಳಲ್ಲಿ ನನಗೆ ಬೆಂಗಳೂರಿನ ಕಡೆ ಬೇರೆ ಕೆಲಸ ಸಿಕ್ಕಿತು. ಕೊನೆಯ ದಿನ ಗೌಡರು ನನ್ನನ್ನು ಇಳಿಸಿ, "ಇನ್ನು ಹತ್ತುವಾಗ ಬೈಯೋರೇ ಇಲ್ಲ ಬುಡಿ" ಎಂದರು. ಅಷ್ಟೇ.

ಅವರು ಹೋದ ಸುದ್ದಿ ಕೊಟ್ಟವಳು ಅವರ ನಾಲಗೆಯ ಟಕ್ಕಿಗೆ ನಗುತ್ತಿದ್ದ ಹುಡುಗಿ. ಫೋನಿನಲ್ಲಿ ಅಳುತ್ತಿದ್ದಳು. ಬೆಳಿಗ್ಗೆ ಗಾಡಿ ಬರಲಿಲ್ಲವಂತೆ. ನೋಡಿ ಬರಲೆಂದು ಹೋದವರಿಗೆ ಬಾಗಿಲು ಒಳಗಿನಿಂದ ಹಾಕಿತ್ತಂತೆ. ಎದೆಬಡಿತ ನಿಂತಿತ್ತು. ನಾನು ಎರಡು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹೊಲ ಇಲ್ಲವಲ್ಲ, ಸರ್ಕಾರದ ಸ್ಮಶಾನದಲ್ಲೇ ಮಾಡಿದರು. ಅವರ ವಂಶದಲ್ಲಿ ಪರರ ಮಣ್ಣಿನಲ್ಲಿ ಮಲಗಿದವರು ಇವರೇ ಮೊದಲು ಎಂದು ಯಾರೋ ಹೇಳುತ್ತಿದ್ದರು.

ಜನ ಕರಗುತ್ತಿದ್ದರು. ಮನೆಯ ಮುಂದೆ ಗೌಡರ ಬಿಳಿಯ ಗಾಡಿ ನಿಂತಿತ್ತು. ಅಕ್ಕ ಸುದ್ದಿ ತಿಳಿದ ಕೂಡಲೇ ಬಸ್ಸಿನಲ್ಲಿ ಬಂದಿದ್ದರು. ದಾಯಾದಿಗಳ ಮಗನೊಬ್ಬ ಗಾಡಿಯ ಕೀಲಿ ಹಿಡಿದು ಅವರ ಮುಂದೆ ನಿಂತಿದ್ದ. "ಅತ್ತೆ, ಬಸ್ಸು ಈಗಿಲ್ಲ. ನಿಲ್ಲಕ್ಕೂ ಆಗ್ತಿಲ್ಲ ನಿಮ್ಗೆ. ಹತ್ತಿ, ಬುಟ್ಟು ಬತ್ತೀನಿ." ಅವರು ತಲೆ ಅಲ್ಲಾಡಿಸಿದರು. ಅವನು ಮತ್ತೊಮ್ಮೆ ಕರೆದು, ನನ್ನ ಮುಖ ನೋಡಿ, ಆ ಕಡೆ ಹೋದ.

ಅವರು ನಿಂತೇ ಇದ್ದರು. ಗೋಡೆ ದೂರವಿತ್ತು, ಹಿಡಿದುಕೊಳ್ಳಲು ಗಾಡಿಯಲ್ಲದೆ ಬೇರೇನೂ ಇರಲಿಲ್ಲ. ಮುಂದಿನ ಎಡಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟರು. ಮೆಲ್ಲಗೆ ತಿರುಗಿ, ಬೆನ್ನನ್ನು ಬಾಗಿಲಿಗೆ ಕೊಟ್ಟು, ಆ ಹಲಗೆಯ ಮೇಲೆ ಕೂತರು. ಹಬ್ಬದ ಬೆಳಿಗ್ಗೆ ಕೆಲಸ ಮುಗಿಸಿದ ಹೆಂಗಸು ಜಗಲಿಯ ಮೇಲೆ ಕೂರುವ ಹಾಗೆ, ಎರಡೂ ಪಾದ ನೆಲಕ್ಕೆ ಸರಿಯಾಗಿ ತಾಗಿ ಕೂತರು.

"ಅಮ್ಮ, ಒಳಗೆ ಕೂತ್ಕೊಳ್ಳಿ, ಬಿಸಿಲಿದೆ" ಎಂದೆ.

"ಬ್ಯಾಡ ಕಣವ್ವ. ಒಳೀಕೆ ಬರಾಕಿಲ್ಲ. ಬಸ್ ಬರಗಂಟ ಇಲ್ಲೇ ಇರ್ತೀನಿ."

ನಾನೂ ಪಕ್ಕದಲ್ಲಿ ಕೂತೆ. ಇಬ್ಬರಿಗೆ ಜಾಗವಿತ್ತು. ಅವರು ಎರಡು ಪಕ್ಕಕ್ಕೂ ಅಂಗೈ ಊರಿ ಆ ರಬ್ಬರಿನ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದರು. ಮುಂದಿನ ಬಾಗಿಲ ಕೆಳಗಿನ ಆ ಭಾಗವನ್ನು ಯಾರೂ ತುಳಿದಿರಲಿಲ್ಲ, ಹೊಸದರ ಹಾಗೇ ಇತ್ತು. ಆಮೇಲೆ, ನನ್ನ ಕಡೆ ನೋಡದೆ, ಖಾಲಿ ಬೀದಿಯ ಕಡೆ ನೋಡಿಕೊಂಡು ಹೇಳಿದರು:

"ಅವ್ನು ಇರೋವಾಗ್ಲೇ ಬಂದು ಹಿಂಗೆ ಒಂದ್ ಗಳಿಗೆ ಕುಂತ್ಕೊಬೋದಾಗಿತ್ತು ಕಣವ್ವ. ನಂಗೆ ತೋಚ್ಲೇ ಇಲ್ಲ."